ಕೊಪ್ಪರಿಗೆಯಲ್ಲಿ ಹೊಳೆ ದಾಟಿದ ಕ್ಯಾಮೆರಾ

ಮೊನ್ನೆ ಬೆಲ್ಲದ ಪೊಟ್ಟಣ ಬಿಚ್ಚಿದಾಗ ಕೆಂಪಿರುವೆಯೊಂದು ತುಂಡಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸುತ್ತಾ ಒಬ್ಬಳೇ ನಕ್ಕೆ. ಉಗಾರ ಖುರ್ದದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಟುಡಿಯೋ ಕಾಕಾ ನೆನಪಾದರು...

ನಾನಾಗ ಕಾಲೇಜಿನ ಮೊದಲ ವರ್ಷ. ಕಂಡದ್ದನ್ನೆಲ್ಲ ಎಣಿಸಿ ಡೈರಿಯಲ್ಲಿ ಬರೆಯುವ ಚಟ. ಆ ಬೇಸಿಗೆಯಲ್ಲಿ ಕೃಷ್ಣೆಯ ನಡುವಿನ ಮರಳ ದಿಬ್ಬದ ಮೇಲೆ ಹಳದಿ ಕೊಕ್ಕಿನ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ನನ್ನ ಲೆಕ್ಕದಲ್ಲಿ ಮೂವತ್ತೊಂದು ಗೂಡು. ಮರಿಗಳಾಗಿವೆ ಎಂದು ನಾನು ಹೇಳಿದ ಕೂಡಲೇ ಕಾಕಾ ಕ್ಯಾಮೆರಾ ಚೀಲಕ್ಕೆ ಕೈಹಾಕಿದರು. ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು. ಎರಡು ದಿನದಲ್ಲಿ ದಿಬ್ಬ ಮುಳುಗುವುದಿತ್ತು.

ಅವರಿಗಿದ್ದದ್ದು ಅದೊಂದೇ ಕ್ಯಾಮೆರಾ. ವಿದೇಶದ್ದು, ಬಹಳ ತುಟ್ಟಿಯದು. ಮರುದಿನವೇ ಹಾರೂಗೇರಿಯಲ್ಲಿ ಲಗ್ನದ ಫೋಟೋ ಒಪ್ಪಿಕೊಂಡಿದ್ದರು. ಅವರ ಹೆಂಡತಿ ಕಾಕು ಬಾಗಿಲಿಗೆ ಅಡ್ಡ ನಿಂತರು.

“ಹೊಳಿಗೆ ಬಿತ್ತಂದ್ರ ನಾಳೆ ಬೀಗರ ಮುಂದ ಏನ್ ಹಿಡಕೊಂಡ ನಿಂದರ್ತೀರಿ? ನನ್ನ ಲಟ್ಟಣಗಿ?”

“ಕೊಡು, ಅದನ್ನೂ ಒಯ್ತೀನಿ,” ಎಂದು ಕಾಕಾ ಚಪ್ಪಲಿ ಮೆಟ್ಟಿದರು.

ನಮ್ಮ ಕಡೆ ದೋಣಿ ಸಿಗದಿದ್ದರೆ ಬೆಲ್ಲ ಕುದಿಸುವ ಅಗಲ ಕೊಪ್ಪರಿಗೆಯಲ್ಲೇ ಹೊಳೆ ದಾಟುವುದು ರೂಢಿ. ಕಬ್ಬಿನ ಗಾಣದ ಮಾಲಕರು ತಮ್ಮದನ್ನು ನೀರಿಗಿಳಿಸಿ ಹುಟ್ಟು ಹಿಡಿದರು. ಕಾಕಾ, ನಾನು ಹತ್ತಿ ಕೂತೆವು. ಕಾಕಾ ಕ್ಯಾಮೆರಾವನ್ನು ಎರಡು ಪಂಚೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದರು. ನೀರಿನ ಭಯಕ್ಕೆ ಎಲ್ಲವನ್ನೂ ಮಾಡಿದ್ದೆವು. ಹಂಗಾಮು ಮುಗಿದ ಕೊಪ್ಪರಿಗೆಯ ಅಂಚಿನಲ್ಲಿ ಬೆಲ್ಲದ ಜಿಗುಟು ಉಳಿದಿರುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಡುಹೊಳೆಯಲ್ಲಿ ಇರುವೆಗಳು ಸಾಲುಗಟ್ಟಿ ಕಾಕಾನ ತೋಳು ಹತ್ತಿದವು. ಕಾಕಾ ಮಿಸುಕಿದರು, ಕೊಪ್ಪರಿಗೆ ವಾಲಿತು.

“ಅಲ್ಲಾಡಬ್ಯಾಡ್ರಿ!” ಎಂದು ಮಾಲಕರು ಕೂಗಿದರು.

“ಇರಿವಿಗೆ ಹೇಳ್ರೀಪಾ ಅದನ್ನ!”

ಚೀಲವನ್ನು ತಲೆಯ ಮೇಲೆತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿದ್ದರೂ ಕಾಕಾ ಕಲ್ಲಿನ ಹಾಗೆ ಕೂತರು. ದಿಬ್ಬ ಮುಟ್ಟಿದ ಮೇಲೆ ಇರುವೆ ಝಾಡಿಸಿ, ಮರಳಿನ ಮೇಲೆ ಬೋರಲು ಬಿದ್ದು ಇಪ್ಪತ್ತೊಂದು ಚಿತ್ರ ತೆಗೆದರು. ಕ್ಯಾಮೆರಾಕ್ಕೆ ಒಂದು ಹನಿ ನೀರೂ ತಾಗಲಿಲ್ಲ.

ಆದರೆ ಒಂದು ಇರುವೆ ಅದರ ಒಳಗೇ ಉಳಿದಿತ್ತು. ಲಗ್ನದ ಫೋಟೋ ತೊಳೆದಾಗ ಗೊತ್ತಾಯಿತು. ಅಕ್ಷತೆ ಬೀಳುವ ಚಿತ್ರದಲ್ಲಿ, ಮದುಮಗನ ಬಾಯಿಯ ಪಕ್ಕದಲ್ಲೇ, ಮೀಸೆಯಷ್ಟು ದೊಡ್ಡ ಇರುವೆಯ ನೆರಳು! ಆ ಗಳಿಗೆಯನ್ನು ಮತ್ತೆ ತೆಗೆಯುವಂತಿರಲಿಲ್ಲ. ಬೀಗರು ಫೋಟೋ ಒಯ್ಯಲು ಬಂದ ದಿನ ಕಾಕು ಚಹಾಕ್ಕಿಟ್ಟು ಬಾಗಿಲ ಮರೆಯಲ್ಲೇ ನಿಂತರು. ಕಾಕಾ ಏನನ್ನೂ ಮುಚ್ಚಿಡದೆ ಹೊಳೆಯ ಕತೆ ಪೂರ್ತಿ ಹೇಳಿದರು. ಮದುಮಗಳ ತಾಯಿ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಇರುವೆಯ ಮೇಲೆ ಬೆರಳಿಟ್ಟರು.

“ಅಯ್ಯ, ಕರೀದನ ಹುಗ್ಗಿ ಉಣ್ಣಾಕ ಬಂದಾರಲ್ಲ ಇವರು!”

ಎಲ್ಲರೂ ನಕ್ಕರು. ಕಾಕು ಎಲ್ಲರಿಗಿಂತ ತಡವಾಗಿ ನಕ್ಕರು.

ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ಈ ಬೇಸಿಗೆ ಹೊಳೆಗೆ ಹೋಗಿದ್ದೆ. ದಿಬ್ಬವೇ ಇಲ್ಲ, ಮರಳೆಲ್ಲ ಟ್ರ್ಯಾಕ್ಟರ್ ಹತ್ತಿ ಹೋಗಿದೆ. ಒಂದು ಹಕ್ಕಿಯೂ ಕಾಣಲಿಲ್ಲ. ಬಂದು ಕಾಕುಗೆ ಹೇಳಿದೆ. ಅವರು ಒಳಗಿನಿಂದ ಆ ಇಪ್ಪತ್ತೊಂದು ಚಿತ್ರಗಳನ್ನು ತಂದು, ಒಂದೊಂದಾಗಿ ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು. ಮರಳಿನ ಮೇಲೆ ಬಾಯಿ ತೆರೆದು ಕೂತ ಮರಿಗಳು...

“ಬ್ಯಾಡಂತ ಎಷ್ಟ ಬಡಕೊಂಡೆ,” ಎಂದರು ಕಾಕು. “ನನ್ನ ಮಾತ ಕೇಳಲಿಲ್ಲ. ಛಲೋ ಮಾಡಿದ್ರು.”