ನಾನು ಗೀಚಿ ಹಾಕಿಸಿದ ಮಿಸ್ಡ್ ಕಾಲ್

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟರೆ ಉಳಿದವರು ಎರಡನೇ ಬಹುಮಾನಕ್ಕೆ ತಯಾರಾಗುತ್ತಿದ್ದರು. ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದವಳೂ ನಾನೇ. ಪ್ರೀತಿಯ ಹಾಡುಗಳೆಂದರೆ ಆಗ ನನಗೆ ಪುರಾವೆಯಿಲ್ಲದ ಹೇಳಿಕೆಗಳು.

ಅಂಥ ನನ್ನ ಕೈಗೆ ಸಹಪಾಠಿಯೊಬ್ಬ ತಾನು ಬರೆದ ಹಾಡು ಕೊಟ್ಟ. ಶಿಡ್ಲಘಟ್ಟದವನು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ನಾನು ಚಿಂತಾಮಣಿಯವಳು, ಅವನ ಊರಿನವರೆಗೂ ಒಂದೇ ಬಸ್ಸು. ನಮ್ಮದೇ ತರಗತಿಯ ಮಂಚೇನಹಳ್ಳಿಯ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಬಾಯಿಬಿಟ್ಟು ಹೇಳಿರಲಿಲ್ಲ. ಕಾಲೇಜು ದಿನಾಚರಣೆಯಲ್ಲಿ ಹಾಡಿ ತಿಳಿಸಬೇಕೆಂದಿದ್ದ.

‘ನನ್ನೆದೆಯ ಸಿಮ್ಮಿಗೆ ನೀನೇ ನೆಟ್‌ವರ್ಕು, ನೀ ನಕ್ಕರೆ ಐದೂ ಕಡ್ಡಿ’ ಎಂದು ಶುರುವಾಗಿ, ‘ಊರು ಸೇರಿದೆನೆಂಬ ಒಂದು ಮಿಸ್ಡ್ ಕಾಲು, ನನಗಷ್ಟೇ ಸಾಕು’ ಎಂದು ಮುಗಿಯುತ್ತಿತ್ತು.

“ಕಡ್ಡಿ ಇರ್ಲಿ ಕಣೋ, ಮಿಸ್ಡ್ ಕಾಲ್ ಹೆಂಗೋ ಪ್ರೀತಿ ಆಗುತ್ತೆ? ಒಂದೋ ಕರೆನ್ಸಿ ಇಲ್ಲ, ಇಲ್ಲಾ ಮಾತಾಡೋ ಧೈರ್ಯ ಇಲ್ಲ. ಎರಡರಲ್ಲಿ ಯಾವುದನ್ನ ಹಾಡಿ ಹೊಗಳ್ತಿದೀಯ?”

“ಅದು ನಿಂಗೆ ಅರ್ಥ ಆಗಲ್ಲ ಬಿಡಮ್ಮ.”

“ಅರ್ಥ ಮಾಡ್ಸು ಮತ್ತೆ. ಪಾಯಿಂಟ್ ಹೇಳು.”

ಬಸ್ಸು ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ಆ ಸಾಲನ್ನು ಅವನ ಕೈಯಿಂದಲೇ ಗೀಚಿ ಹಾಕಿಸಿದ್ದೆ. ಇಳಿದವನು ದಿನದಂತೆ ಮೊಬೈಲು ತೆಗೆದು, ಯಾರಿಗೋ ಒಂದು ರಿಂಗ್ ಕೊಟ್ಟು ಕಟ್ ಮಾಡಿದ. ಜಿಪುಣ ಎಂದುಕೊಂಡೆ.

ದಿನಾಚರಣೆಯಲ್ಲಿ ಸಿಮ್ಮು, ನೆಟ್‌ವರ್ಕು, ಚಾರ್ಜರು ಎಲ್ಲವನ್ನೂ ಹಾಡಿದ. ಹಿಂದಿನಿಂದ ಶಿಳ್ಳೆಯೋ ಶಿಳ್ಳೆ. ಆಕೆ ಎಲ್ಲರಂತೆ ಚಪ್ಪಾಳೆ ತಟ್ಟಿ ಮಂಚೇನಹಳ್ಳಿಯ ಬಸ್ಸು ಹಿಡಿದಳು. ಇಬ್ಬರ ನಡುವೆ ಮುಂದೆ ಏನೂ ನಡೆಯಲಿಲ್ಲ.

ಮೊನ್ನೆ ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು, ಮಗಳ ಕೈ ಹಿಡಿದುಕೊಂಡು. ಮಾತು ಆ ಹಾಡಿಗೆ ಬಂದು ನಿಂತಿತು.

“ದಿನಾ ಊರು ಸೇರಿದ್ಮೇಲೆ ಅವನು ಒಂದು ರಿಂಗ್ ಕೊಡೋನು ಕಣೇ. ಮನೆ ಮುಟ್ಟಿದ್ಮೇಲೆ ನಾನು ಎರಡು. ಒಂದಿನಾನೂ ಇಬ್ರೂ ಎತ್ತಿದೋರಲ್ಲ. ಹಾಡಲ್ಲಿ ಅದು ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದೆ. ಬರ್ಲಿಲ್ಲ. ನಂಗಲ್ಲ ಈ ಹಾಡು, ಸುಮ್ನೆ ಜನ ನಗ್ಸೋಕೆ ಅಂದ್ಕೊಂಡೆ. ಅವತ್ತು ಸಂಜೆ ರಿಂಗ್ ಬಂತು. ನಾನು ವಾಪಸ್ ಕೊಡ್ಲಿಲ್ಲ.”

“ಆ ಸಾಲು ಇತ್ತು ಕಣೇ, ತೆಗೆಸಿದ್ದು ನಾನು” ಎಂದೆ. ಬೇರೆ ಪಾಯಿಂಟ್ ನನ್ನಲ್ಲಿರಲಿಲ್ಲ.

ಆಕೆ ನನ್ನನ್ನೇ ನೋಡಿದಳು. “ಹೋಗ್ಲಿ ಬಿಡೇ” ಎಂದು ಮಗಳನ್ನು ಬಸ್ಸು ಹತ್ತಿಸಿದಳು.

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಅವನ ನೂಲಿನ ಘಟಕಕ್ಕೆ ಹೋದೆ. ಬೇಯುವ ರೇಷ್ಮೆಗೂಡಿನ ವಾಸನೆಯ ನಡುವೆ ನಿಂತೇ ಎಲ್ಲ ಹೇಳಿದೆ. ಅವನು ಟವೆಲಿನಲ್ಲಿ ಕೈ ಒರೆಸುತ್ತಲೇ ಇದ್ದ, ಒಣಗಿದ ಮೇಲೂ.

“ಎರಡು ರಿಂಗ್ ಬರ್ಲಿಲ್ಲ. ಹಾಡು ಹಿಡಿಸ್ಲಿಲ್ಲ ಅಂದ್ಕೊಂಡೆ ಕಣಮ್ಮ.”

“ಬೈಯೋ ನನ್ನ.”

“ನಿನ್ನ ಹತ್ರ ಯಾರು ವಾದ ಮಾಡ್ತಾರೆ? ಹೊರಡು. ಊರು ಸೇರಿದ್ಮೇಲೆ ಒಂದು ರಿಂಗ್ ಕೊಡು.”

ಚಿಂತಾಮಣಿಯಲ್ಲಿ ಇಳಿದು ರಿಂಗ್ ಕೊಟ್ಟೆ. ಕಟ್ ಮಾಡುವ ಮೊದಲೇ ಎತ್ತಿಬಿಟ್ಟ.

“ಯಾಕೋ ಎತ್ತಿದೆ?”

“ಎತ್ತಿದ್ರೆ ಏನಾಗುತ್ತೆ ನೋಡಣ ಅಂತ.”