ಅನಂತರಾಮು ಹುಡುಕಿದ ರುಜು

ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಅನಂತರಾಮು ಅವರಿಗೆ ನಿವೃತ್ತಿಯಾಯಿತು. ಅವರ ಅನುಮಾನಕ್ಕೆ ಆಗಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಅವರ ಮಂತ್ರ. ಪುರೋಹಿತರು ಒಂದು ಸಾಲು ನುಂಗಿದರೂ ಹಿಂದಕ್ಕೆ ಕರೆದು ಹೇಳಿಸುತ್ತಿದ್ದರು. ಕೊಟ್ಟ ಕಾಫಿಯನ್ನೂ ಮೂಸಿ ನೋಡುವ ಗಂಡಸು ಎಂದು ಹೆಂಡತಿ ಅನಸೂಯಮ್ಮ ನೆರೆಯವರಲ್ಲಿ ಹೇಳಿಕೊಳ್ಳುತ್ತಿದ್ದರು.

೨೦೦೧ರಲ್ಲಿ ಇಂಥವರ ಪಾಲಿಗೆ ಬಂದದ್ದು ಮೊಮ್ಮಗಳು ಇಂಚರಾಳನ್ನು ಮಾತಿನ ಚಿಕಿತ್ಸೆಗೆ ಕರೆದೊಯ್ಯುವ ಕೆಲಸ. ಮೂರು ತುಂಬಿದರೂ ಮಗುವಿನ ಬಾಯಲ್ಲಿ ಮಾತಿಲ್ಲ. ವಾರಕ್ಕೆರಡು ಸಲ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಇಂದಿರಾನಗರದ ಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿ ವಿಮಲಾಕ್ಷಿ ಎಂಬ ಹುಡುಗಿ ಬೊಂಬೆ ತೋರಿಸಿ ಪದ ಹೇಳಿಸುತ್ತಿದ್ದಳು. ನಾಲ್ಕು ತಿಂಗಳಾದರೂ ಇಂಚರಾ ತುಟಿ ಬಿಚ್ಚಲಿಲ್ಲ.

ಬೋರ್ಡಿನಲ್ಲಿದ್ದದ್ದು ರಾಜಶೇಖರ ಎಂಬ ತಜ್ಞರ ಹೆಸರು ಮತ್ತು ನೋಂದಣಿ ಸಂಖ್ಯೆ. ಆ ಪುಣ್ಯಾತ್ಮರ ಮುಖವನ್ನು ಇವರು ಒಮ್ಮೆಯೂ ಕಂಡಿರಲಿಲ್ಲ. ವಿಚಾರಿಸಿದಾಗ, ವಿಮಲಾಕ್ಷಿ ಓದಿದ್ದು ಡಿಪ್ಲೊಮಾ, ನೋಂದಾಯಿತ ತಜ್ಞರ ಮೇಲ್ವಿಚಾರಣೆಯಲ್ಲೇ ಅವಳು ಕೆಲಸ ಮಾಡಬೇಕು ಎಂದು ತಿಳಿಯಿತು. ಇವರಿಗೆ ಸಿಟ್ಟೂ ಬಂತು, ಒಳಗೊಳಗೆ ಖುಷಿಯೂ ಆಯಿತು. ಮರುವಾರವೇ ಮಗುವಿನ ಫೈಲು ಕೇಳಿದರು.

ವಿಮಲಾಕ್ಷಿ ಹಿಂಜರಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದುಕೊಂಡು ಇವರು ಫೈಲನ್ನು ಎಳೆದೇ ಬಿಟ್ಟರು. ವಾರವಾರದ ಹಾಳೆಯಲ್ಲೂ ರಾಜಶೇಖರರ ರುಜು. ಇನ್ನೂ ಏನನ್ನೂ ಬರೆಯದ ಮುಂದಿನ ತಿಂಗಳ ಹಾಳೆಗಳಲ್ಲೂ ರುಜು.

"ಮಗೂನ ನೋಡ್ದೇನೆ ರುಜು ಹಾಕಿದಾರಲ್ಲಮ್ಮ, ಇದ್ಯಾವ ನ್ಯಾಯ?"

ವಿಮಲಾಕ್ಷಿ ಬಾಗಿಲು ಮುಂದೆ ಮಾಡಿದಳು. "ನಂಗೂ ಅದೇ ಸಂಕಟ ಸಾರ್. ಇವಳಿಗೆ ಮಾತು ಕೇಳಿಸ್ತಿಲ್ಲ ಅನ್ಸುತ್ತೆ. ಕಿವಿ ಟೆಸ್ಟ್ ಬರ್ಕೊಡೋ ಅಧಿಕಾರ ನಂಗಿಲ್ಲ. ರಾಜಶೇಖರ ಸಾರ್‌ಗೆ ಮೂರು ಸಲ ಹೇಳ್ದೆ. ಕಿವಿ ಚೆನ್ನಾಗಿದೆ ಅಂತ ಮೊದಲ್ನೇ ಪುಟದಲ್ಲೇ ಇದೆ, ಸುಮ್ನಿರು ಅಂದ್ಬಿಟ್ರು."

ಹಾಗೆ ಬರೆದವನು ಯಾವನು ಎಂದು ಅನಂತರಾಮು ಗುಡುಗಿದರು. ಅವಳು ಫೈಲಿನ ಮೊದಲ ಪುಟ ತೆಗೆದಳು. ಅದು ಮಗುವನ್ನು ಸೇರಿಸಿದ ದಿನ ತುಂಬಿಕೊಟ್ಟ ಅರ್ಜಿ. 'ಬೆನ್ನ ಹಿಂದೆ ತಟ್ಟೆ ಬಡಿದು ಮನೆಯಲ್ಲೇ ಪರೀಕ್ಷಿಸಲಾಗಿದೆ. ಕಿವಿ ಸರಿಯಿದೆ.' ಅಕ್ಷರ ಅನಂತರಾಮು ಅವರದೇ, ಕೆಳಗಿನ ರುಜುವೂ ಅವರದೇ.

"ತಟ್ಟೆ ಸದ್ದು ಕೇಳಿಸಿರುತ್ತೆ ಸಾರ್," ಎಂದಳು ವಿಮಲಾಕ್ಷಿ ಮೆಲ್ಲಗೆ. "ಮಾತು ಅಷ್ಟು ಜೋರಾಗಿರಲ್ವಲ್ಲ."

ಅನಂತರಾಮು ನಾಚಿಕೆಯಿಂದ ಕುಗ್ಗಿಹೋದರು. ಆದರೂ ಆ ದಿನ ರಾಜಶೇಖರರನ್ನು ಕರೆಸುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಪರೀಕ್ಷೆಯಾಯಿತು. ಮಗುವಿಗೆ ಎರಡೂ ಕಿವಿ ಮಂದ, ಯಂತ್ರ ಹಾಕಬೇಕು ಎಂದರು. ನಾಲ್ಕು ತಿಂಗಳು ಕೇಳಿಸದ ಪದಗಳನ್ನು ಕಲಿಸಿದ್ದಾಗಿತ್ತು.

ಮನೆಗೆ ಬಂದು, ತಜ್ಞರನ್ನು ನೋಂದಾಯಿಸುವ ಮಂಡಳಿಗೆ ದೂರು ಬರೆಯಲು ಕುಳಿತರು. ಮಗುವನ್ನು ಸರಿಯಾಗಿ ನೋಡದೆ ರುಜು ಹಾಕಿದವರು ಎಂದು ಬರೆದು, ಕೆಳಗೆ ರಾಜಶೇಖರರ ಹೆಸರು ಹಾಕಿದರು. ಆಮೇಲೆ ಆ ಹೆಸರಿಗಿಂತ ಮೇಲೆ, ಮೊದಲನೆಯದಾಗಿ, ತಮ್ಮ ಹೆಸರು ಬರೆದರು.