ಜೆರಾಕ್ಸ್ ಆಂಟಿ ಓದಿದ ನಾಲ್ಕನೇ ಪುಟ

ಹೋದ ತಿಂಗಳು ಬಾಡಿಗೆ ಕರಾರಿನ ನಕಲು ತೆಗೆಸಲು ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಯಂತ್ರದಿಂದ ಹಾಳೆಗಳನ್ನು ತೆಗೆದು ಕೈಗಿಟ್ಟರು. ಹಾಳೆ ಇನ್ನೂ ಬೆಚ್ಚಗಿತ್ತು. ಸ್ವಲ್ಪ ಸುಟ್ಟಂತಿರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವೇಶ್ವರನಗರದ ಜೆರಾಕ್ಸ್ ಆಂಟಿ ನೆನಪಾದರು.

ಅವರ ಅಂಗಡಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿತ್ತು. ಒಂದು ಯಂತ್ರ, ಎರಡು ಸ್ಟೂಲು, ಅಷ್ಟೇ. ಆಂಟಿ ಓದಿದ್ದು ಪಿಯುಸಿವರೆಗೆ. ಆದರೆ ಕೈಗೆ ಬಂದ ಯಾವ ಕಾಗದವನ್ನೂ ಓದದೆ ಬಿಟ್ಟವರಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಪ್ಪಿದ್ದರೆ ಹೇಳುತ್ತಿದ್ದರು. ಮದುವೆ ಪತ್ರಿಕೆಯಲ್ಲಿ ವಾರಕ್ಕೂ ತಾರೀಕಿಗೂ ತಾಳೆಯಾಗದಿದ್ದರೂ ಹೇಳುತ್ತಿದ್ದರು. "ನಮ್ ಪೇಪರ್ ನೀವ್ಯಾಕೆ ಓದ್ತೀರ?" ಎಂದು ಯಾರಾದರೂ ಸಿಡುಕಿದರೆ, "ಓದ್ದೇ ಹಾಕಿದ್ರೆ ಪೇಜು ಉಲ್ಟಾ ಆಗುತ್ತೆ ಸಾರ್" ಎಂದು ಮುಗ್ಧವಾಗಿ ನಗುತ್ತಿದ್ದರು.

ನನಗಾಗ ಹದಿನೆಂಟು. ಊರಾಚೆಯ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ನಾಲ್ಕು ವರ್ಷದ ಪದವಿಗೆ ಸೀಟು ಸಿಕ್ಕಿತ್ತು, ಜೊತೆಗೆ ಅರ್ಧ ಫೀಸಿನ ಸ್ಕಾಲರ್‌ಶಿಪ್. ವಿಜಯನಗರದ ಒಂದು ಸಣ್ಣ ಕಾಲೇಜು, ಫೀಸೇ ಬೇಡ ಬಾ, ಎಂದು ಪತ್ರ ಕಳಿಸಿತ್ತು. ಆ ಪತ್ರವನ್ನು ನಾನು ಸರಿಯಾಗಿ ಓದಿರಲೂ ಇಲ್ಲ. ದೊಡ್ಡ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಮರದ ಕೆಳಗೆ ಕೂತು ಓದುವ ಹುಡುಗಿಯೊಬ್ಬಳ ಫೋಟೋ ಇತ್ತು. ಆ ಹುಡುಗಿ ನಾನೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಉಳಿದ ಅರ್ಧಕ್ಕೆ ಸಾಲ ಬೇಕಿತ್ತು, ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಿತ್ತು. ಅಪ್ಪ ಅಮ್ಮ ವರ್ಷಗಟ್ಟಲೆ ಕಂತು ಕಟ್ಟಿ ಹೇರೋಹಳ್ಳಿಯಲ್ಲಿ ಕೊಂಡಿದ್ದ ಟ್ವೆಂಟಿ-ಥರ್ಟಿ ಸೈಟು ಬಿಟ್ಟರೆ ನಮ್ಮಲ್ಲಿ ಬೇರೇನೂ ಇರಲಿಲ್ಲ. "ಇಡೋಣ ಬಿಡು, ಮಗು ಓದ್ಲಿ" ಎಂದ ಅಪ್ಪ ಸೈಟಿನ ಪತ್ರ, ಯೂನಿವರ್ಸಿಟಿಯ ಪತ್ರ, ತಮ್ಮ ಸಂಬಳದ ಚೀಟಿ, ಆದಾಯ ಪತ್ರಗಳನ್ನೆಲ್ಲ ನನ್ನ ಕೈಗೆ ಕೊಟ್ಟು ಮೂರು ಸೆಟ್ ಜೆರಾಕ್ಸ್ ಮಾಡಿಸಲು ಕಳಿಸಿದರು.

ಆಂಟಿ ಹಾಳೆಗಳನ್ನು ಒಂದೊಂದಾಗಿ ಹಾಕುತ್ತಾ ಹೋದರು. ಸೈಟಿನ ಪತ್ರ ಬಂದಾಗ ಕೈ ನಿಂತಿತು.

"ಯಾಕೆ ಇದು?"

"ಬ್ಯಾಂಕಿಗೆ ಆಂಟಿ. ಲೋನಿಗೆ."

"ಯೂನಿವರ್ಸಿಟಿ ಲೆಟರ್ ನಾಲ್ಕನೇ ಪೇಜು ಓದಿದ್ಯಾ?"

ನಾನು ಓದಿದ್ದು ಮೊದಲನೆಯ ಪುಟ ಮಾತ್ರ. ಅಭಿನಂದನೆಗಳು ಇದ್ದದ್ದು ಅಲ್ಲೇ.

ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹಾಳಾದ ಒಂದು ಹಾಳೆಯ ಬೆನ್ನಿಗೆ ಬರೆಯತೊಡಗಿದರು. ಅರ್ಧ ಮನ್ನಾ ಆಗಿದ್ದು ಪಾಠದ ಫೀಸು ಮಾತ್ರ. ಹಾಸ್ಟೆಲು, ಊಟ ಪೂರ್ತಿ ನಮ್ಮದೇ. ಫೀಸು ವರ್ಷವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಏರುವುದಿಲ್ಲ. ಒಂದು ವರ್ಷ ಅಂಕ ಕಡಿಮೆಯಾದರೆ ಅದೂ ನಿಲ್ಲುತ್ತದೆ. ಸಾಲದ ಕಂತು ಓದು ಮುಗಿದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದಲೇ. "ಅವರು ಬಿಟ್ಟಿದ್ದೆಷ್ಟು ಅಂತ ನೋಡ್ಬೇಡ ಕಣೇ, ನೀವು ಕಟ್ಟೋದೆಷ್ಟು ಅಂತ ನೋಡು" ಎಂದು ಹಾಳೆಯನ್ನು ನನ್ನತ್ತ ತಿರುಗಿಸಿದರು.

ಕೊನೆಯ ಸಾಲಿನ ಮೊತ್ತ ನೋಡಿ ನನಗೆ ಮೊದಲು ಭಯವಾಯಿತು, ಆಮೇಲೆ ಸಿಟ್ಟು ಬಂತು. "ನಿಮಗೇನ್ ಗೊತ್ತು ಆಂಟಿ, ನೀವು ಕಾಲೇಜಿಗೆ ಹೋಗಿದೀರಾ?" ಎಂದುಬಿಟ್ಟೆ. ಕಾಗದಗಳನ್ನು ಬಾಚಿಕೊಂಡು, ಲೆಕ್ಕದ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ…

ಮೂರನೆಯ ದಿನ ಸಂಜೆ ಅವರೇ ಮನೆಗೆ ಬಂದರು, ಆ ಹಾಳೆ ಹಿಡಿದುಕೊಂಡು. ನಾನು ಅಡುಗೆಮನೆಯಲ್ಲಿ ಅಡಗಿದೆ. ಅಮ್ಮ ಕೊಟ್ಟ ಕಾಫಿ ಕುಡಿದು ಅಪ್ಪನಿಗೆ ಎಲ್ಲವನ್ನೂ ವಿವರಿಸಿದರು. ನನ್ನ ಸೊಕ್ಕಿನ ಮಾತೊಂದನ್ನು ಬಿಟ್ಟು. ಹೋಗಬೇಡ ಎಂದು ಅವರು ಹೇಳಲಿಲ್ಲ. ಅಪ್ಪನಿಗೆ ಓಟಿ, ಅಂದರೆ ಹೆಚ್ಚುವರಿ ದುಡಿಮೆಯ ಸಂಬಳ, ನಿಂತು ಎಂಟು ತಿಂಗಳಾಗಿದೆ, ಕೊಟ್ಟಿರುವ ಆದಾಯ ಪತ್ರ ಹಳೆಯದು, ಅದನ್ನು ತೋರಿಸಿ ಇನ್ನೂ ಸ್ವಲ್ಪ ಬಿಡಿ ಎಂದು ಯೂನಿವರ್ಸಿಟಿಯವರನ್ನು ಕೇಳಬಹುದು ಎಂದರು.

"ಅಲ್ಲಮ್ಮ, ಅವರು ಕೊಟ್ಟಿರೋದೇ ಹೆಚ್ಚು. ಮತ್ತೆ ಹೋಗಿ ಕೇಳೋದಾ?" ಅಪ್ಪ ಸಂಕೋಚದಿಂದ ಮುದುಡಿದರು.

"ಕೇಳಿದ್ರೆ ಏನ್ ಹೊಡೀತಾರಾ ಅಣ್ಣ? ನಾನೂ ಬರ್ತೀನಿ ನಡೀರಿ."

ಮಾರನೆಯ ದಿನ ಅಂಗಡಿಯ ಶಟರಿಗೆ 'ಇವತ್ತು ಇಲ್ಲ' ಎಂಬ ಚೀಟಿ ಬಿತ್ತು. ಎರಡು ಬಸ್ಸು ಬದಲಾಯಿಸಿ ಮೂವರೂ ಹೊರಟೆವು. ವಿಶ್ವವಿದ್ಯಾಲಯದ ಗಾಜಿನ ಕೋಣೆಯಲ್ಲಿ ಕೂತಿದ್ದ ಯುವ ಅಧಿಕಾರಿ ನನ್ನ ಮುಖ ನೋಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಆಂಟಿ ಕೈ ಎತ್ತಿದರು, ತರಗತಿಯಲ್ಲಿ ಎತ್ತುವ ಹಾಗೆ.

"ಸಾರ್, ಕನ್ನಡದಲ್ಲಿ ಹೇಳಿ. ಓದೋಳು ಅವಳು, ಕಟ್ಟೋರು ಇವ್ರು."

ಅಧಿಕಾರಿ ನಕ್ಕು, ದಾವಣಗೆರೆ ಕಡೆಯ ಸೊಗಸಾದ ಕನ್ನಡಕ್ಕೆ ಇಳಿದರು. ಅಲ್ಲಿಂದ ಮಾತಿನ ಧಾಟಿಯೇ ಬೇರೆಯಾಯಿತು. ಅಪ್ಪ ಮೊದಲ ಬಾರಿಗೆ ಬಾಯಿಬಿಟ್ಟು ಓಟಿ ನಿಂತದ್ದನ್ನು ಹೇಳಿದರು. ಆಂಟಿ ಪ್ಲಾಸ್ಟಿಕ್ ಫೈಲಿನಿಂದ ಎಂಟು ತಿಂಗಳ ಸಂಬಳದ ಚೀಟಿಗಳನ್ನು ಸಾಲಾಗಿ ಜೋಡಿಸಿ, ಹಾಸ್ಟೆಲಿನಲ್ಲಿ ಇರಲೇಬೇಕೇ, ಮನೆಯಿಂದ ಓಡಾಡಬಹುದೇ ಎಂದೂ ಕೇಳಿದರು. ಓಡಾಡಬಹುದಂತೆ. ನಮಗದು ತೋಚಿರಲೇ ಇಲ್ಲ.

"ನೀವು ಇವರ ಲಾಯರ್ರಾ ಮೇಡಂ?" ಎಂದರು ಅಧಿಕಾರಿ.

"ಅಲ್ಲ ಸಾರ್, ಜೆರಾಕ್ಸು."

ಸಮಿತಿಯ ಮುಂದೆ ಇಡುತ್ತೇನೆ ಎಂದು ಅವರು ಭರವಸೆ ಕೊಟ್ಟ ಮೇಲೆ ಕ್ಯಾಂಟೀನಿಗೆ ಹೋದೆವು. ಗೋಡೆಯ ಮೇಲಿನ ದರಪಟ್ಟಿ ನೋಡಿ ಆಂಟಿ, "ಈ ಕಾಫಿಗೂ ಸ್ಕಾಲರ್‌ಶಿಪ್ ಇದ್ಯಾ ಕೇಳೇ" ಎಂದರು. ಅಪ್ಪ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಆ ಬೇಸಿಗೆಯಲ್ಲಿ ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಆಂಟಿಯ ಪಕ್ಕಕ್ಕೆ ಸರಿದು, "ಆವತ್ತು ಹಾಗಂದಿದ್ದಕ್ಕೆ ಸಾರಿ ಆಂಟಿ" ಎಂದೆ. "ಯಾವತ್ತು?" ಎಂದು ಅವರು ತಮ್ಮ ವಡೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು.

ಹತ್ತು ದಿನಕ್ಕೆ ಉತ್ತರ ಬಂತು. ಫೀಸಿನಲ್ಲಿ ಮುಕ್ಕಾಲು ಪಾಲು ಮನ್ನಾ. ಅಂಕದ ಷರತ್ತು ಮಾತ್ರ ಹಾಗೇ ಇತ್ತು. ಹಾಸ್ಟೆಲ್ ಬಿಟ್ಟರೆ ಉಳಿಯುವ ಸಾಲ ಅಡಮಾನ ಬೇಡದಷ್ಟು ಸಣ್ಣದು. ಪತ್ರ ಹಿಡಿದು ಅಂಗಡಿಗೆ ಓಡಿದೆ. ಆಂಟಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಈಗ ನೀನೇ ಲೆಕ್ಕ ಹಾಕು. ವಿಜಯನಗರದ್ದೂ ಪಕ್ಕದಲ್ಲಿ ಬರಿ. ಎರಡೂ ನೋಡಿ ಆಮೇಲೆ ಹೇಳು." ಒಂದು ಗಂಟೆ ಕೂತು ಬರೆದೆ. ಎರಡು ಸಲ ಕೂಡಿಸಿದೆ. ವಿಜಯನಗರದ ಕಾಲೇಜಿನಲ್ಲಿ ಸಾಲವೇ ಇಲ್ಲ, ನಿಜ. ಆದರೆ ನಾನು ಓದಬೇಕೆಂದಿದ್ದ ವಿಷಯವೂ ಅಲ್ಲಿರಲಿಲ್ಲ. ಇಷ್ಟು ಸಾಲವನ್ನು ನಾನು ತೀರಿಸಬಲ್ಲೆ ಎಂದೆ. "ಹಾಗಾದ್ರೆ ಹೋಗು" ಎಂದರು, ಅಷ್ಟೇ.

ನಾಲ್ಕು ವರ್ಷ ಮುಂಜಾನೆಯ ಬಸ್ಸುಗಳಲ್ಲಿ ನಿಂತು ಓಡಾಡಿದೆ. ಮರದ ಕೆಳಗೆ ಕೂತು ಓದಲು ಪುರುಸೊತ್ತೇ ಸಿಗಲಿಲ್ಲ. ಸಿಕ್ಕ ಒಂದು ದಿನ ಇರುವೆ ಕಚ್ಚಿತು. ಎರಡನೆಯ ವರ್ಷ ಷರತ್ತಿನ ಅಂಕವನ್ನು ಕೂದಲೆಳೆಯ ಅಂತರದಲ್ಲಿ ದಾಟಿದೆ. ಆಮೇಲೆ ಕೆಲಸ ಸಿಕ್ಕಿತು, ಮನೆ ಬದಲಾಯಿತು. ಹೇರೋಹಳ್ಳಿಯ ಸೈಟಿನಲ್ಲಿ ಎರಡು ಕೋಣೆ ಎದ್ದು ಅಪ್ಪ ಅಮ್ಮ ಅಲ್ಲಿಗೆ ಹೋದರು. ಬಸವೇಶ್ವರನಗರದ ಕಡೆ ಹೋಗುವುದು ಕಡಿಮೆಯಾಯಿತು… ಈ ವಾರ, ಮುಂದಿನ ವಾರ ಎನ್ನುತ್ತಾ ವರ್ಷ ಕಳೆದೇ ಹೋಯಿತು.

ಕೊನೆಗೆ ಒಂದು ಶನಿವಾರ ಹೋದಾಗ ಶಟರು ಮುಚ್ಚಿತ್ತು. ಅದರ ಮೇಲೆ ಶ್ರದ್ಧಾಂಜಲಿಯ ಫ್ಲೆಕ್ಸು, ಆಂಟಿಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಹೆಸರು. ಅವರ ಹೆಸರು ನನಗೆ ಗೊತ್ತಾದದ್ದು ಅಂದೇ. ನನ್ನ ಕಾಗದಗಳನ್ನೆಲ್ಲ ಓದಿದ್ದ ಅವರನ್ನು ನಾನು ಒಮ್ಮೆಯೂ ಹೆಸರು ಕೇಳಿರಲಿಲ್ಲ.

ಕಳೆದ ಭಾನುವಾರ ಸಾಲದ ಕೊನೆಯ ಕಂತು ಕಟ್ಟಿ ಹೇರೋಹಳ್ಳಿಗೆ ಹೋದೆ. ಅಮ್ಮ ಶಾವಿಗೆ ಪಾಯಸ ಮಾಡಿದ್ದರು. ಅಪ್ಪ ಲೋಟ ಕೈಯಲ್ಲಿ ಹಿಡಿದು, "ಇನ್ನೊಬ್ರಿಗೆ ಹೇಳ್ಬೇಕಿತ್ತು ಕಣಮ್ಮ" ಎಂದರು. ಆಮೇಲೆ ಅಮ್ಮ ಎದ್ದು ಹೋಗಿ, ಯಾರೂ ಕೇಳದಿದ್ದರೂ, ಎಲ್ಲರ ಲೋಟಕ್ಕೂ ಇನ್ನೊಂದು ಸೌಟು ಹಾಕಿದರು.